ಮಕಾವ್: ಬಾಗಿಲಿನ ಕೀಲಿ ಆಚೆ ಕಡೆಯವರ ಕೈಯಲ್ಲಿ

2024ರ ಅಕ್ಟೋಬರ್ 13, ಭಾನುವಾರ. ಮಕಾವ್‌ನ ಹೊಸ ಮುಖ್ಯ ಕಾರ್ಯನಿರ್ವಾಹಕರ ಆಯ್ಕೆ ನಡೆಯಿತು. ಮತ ಹಾಕುವ ಹಕ್ಕಿದ್ದವರು 400 ಮಂದಿ, ಹಾಕಿದವರು 398. ಸ್ಯಾಮ್ ಹೌ ಫಾಯ್ ಅವರಿಗೆ ಬಿದ್ದ ಮತ 394. ಉಳಿದ ನಾಲ್ಕು ಖಾಲಿ. ಕಣದಲ್ಲಿ ಬೇರೆ ಯಾರೂ ಇರಲಿಲ್ಲ. ಸುಮಾರು 6.9 ಲಕ್ಷ ಜನರಿರುವ ಊರನ್ನು ಮುಂದಿನ ಐದು ವರ್ಷ ಯಾರು ಆಳಬೇಕು ಅನ್ನುವುದು ಬೆಳಗಿನ ತಿಂಡಿ ಅರಗುವಷ್ಟರಲ್ಲಿ ತೀರ್ಮಾನವಾಗಿಹೋಯಿತು.

ಹಾಂಗ್‌ಕಾಂಗ್‌ನಲ್ಲಿ ಸಣ್ಣ ಬದಲಾವಣೆಯಾದರೂ ಜಗತ್ತಿನ ಪತ್ರಿಕೆಗಳು ಬರೆಯುತ್ತವೆ. ಮಕಾವ್ ಮಾತ್ರ ಸದಾ ಪುಟದ ಮೂಲೆಯಲ್ಲಿ. ಎರಡೂ ಚೀನಾದ ವಿಶೇಷ ಆಡಳಿತ ಪ್ರದೇಶಗಳೇ. ಎರಡಕ್ಕೂ 'ಒಂದು ದೇಶ, ಎರಡು ವ್ಯವಸ್ಥೆ' ಅನ್ನುವ ಒಂದೇ ಭರವಸೆ, ಅದೂ 50 ವರ್ಷಕ್ಕೆ. ಹಾಂಗ್‌ಕಾಂಗ್ ಬೀದಿಗಿಳಿಯಿತು, ಮಕಾವ್ ಸುಮ್ಮನಿತ್ತು. ಹೀಗಾಗಿ ಬೀಜಿಂಗ್‌ಗೆ ಮಕಾವ್ ಅಂದರೆ ಮೆಚ್ಚಿನ ಮಗು. ಪೋರ್ಚುಗಲ್ ಮಕಾವನ್ನು ಚೀನಾಕ್ಕೆ ಒಪ್ಪಿಸಿದ್ದು 1999ರಲ್ಲಿ. ಆ ಹಸ್ತಾಂತರಕ್ಕೆ 20 ವರ್ಷವಾದಾಗ, 2019ರಲ್ಲಿ, ಷಿ ಜಿನ್‌ಪಿಂಗ್ ಅಲ್ಲಿಗೆ ಬಂದಿದ್ದರು. 25 ವರ್ಷವಾದಾಗ, 2024ರಲ್ಲಿ, ಮತ್ತೆ ಬಂದರು.

ಯಾಕೆ ಸುಮ್ಮನಿದೆ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಅಲ್ಲಿನವರಿಗೆ ದೇಶಭಕ್ತಿ ಜಾಸ್ತಿ ಎನ್ನುವುದು ಸರ್ಕಾರದ ಮಾತು. ಅವರಿಗೆ ದುಡ್ಡು ಬಿಟ್ಟರೆ ಬೇರೇನೂ ಬೇಡ ಎನ್ನುವುದು ಟೀಕಾಕಾರರ ಮಾತು. ನನಗೆ ಎರಡೂ ಸೋಮಾರಿ ಉತ್ತರಗಳು ಅನ್ನಿಸುತ್ತವೆ. ಮಕಾವ್‌ನ ನಕ್ಷೆ ಬಿಡಿಸಿಟ್ಟು, ನೀರು ಎಲ್ಲಿಂದ ಬರುತ್ತದೆ, ದುಡ್ಡು ಎಲ್ಲಿಂದ ಬರುತ್ತದೆ, ಜನ ಎಲ್ಲಿಂದ ಬಂದರು ಅಂತ ನೋಡಿದರೆ ಆ ಊರಿನ ರಾಜಕೀಯ ಬೇಗ ಅರ್ಥವಾಗುತ್ತದೆ.

ಸಮುದ್ರದಿಂದ ಕಿತ್ತುಕೊಂಡ ನೆಲ

ದಕ್ಷಿಣ ಚೀನಾದ ಪರ್ಲ್ ನದಿ ಸಮುದ್ರ ಸೇರುವ ಕಡೆ, ಪಶ್ಚಿಮ ದಡದಲ್ಲಿ ಮಕಾವ್ ಇದೆ. ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ ಹಾಂಗ್‌ಕಾಂಗ್. ಉತ್ತರಕ್ಕೆ ಅಂಟಿಕೊಂಡೇ ಗ್ವಾಂಗ್‌ಡಾಂಗ್ ಪ್ರಾಂತ್ಯದ ಝುಹಾಯ್ ನಗರ. ಮಕಾವ್‌ನ ಒಟ್ಟು ವಿಸ್ತೀರ್ಣ ಸುಮಾರು 33 ಚದರ ಕಿ.ಮೀ. ಬೆಂಗಳೂರಿನ ಹಳೆಯ ಬಿಬಿಎಂಪಿ ವ್ಯಾಪ್ತಿಯೇ 700 ಚದರ ಕಿ.ಮೀ.ಗಿಂತ ಜಾಸ್ತಿ ಇತ್ತು. ಅದರೊಳಗೆ ಇಪ್ಪತ್ತು ಮಕಾವ್ ಆರಾಮಾಗಿ ಹಿಡಿಸುತ್ತವೆ. ಅಷ್ಟು ಚಿಕ್ಕ ಜಾಗದಲ್ಲಿ ಪ್ರತಿ ಚದರ ಕಿ.ಮೀ.ಗೆ 20,000ಕ್ಕೂ ಹೆಚ್ಚು ಜನ. ಜಗತ್ತಿನಲ್ಲೇ ಅತಿ ದಟ್ಟವಾಗಿ ಜನ ತುಂಬಿರುವ ಊರುಗಳಲ್ಲಿ ಇದೂ ಒಂದು.

ಆ 33 ಚದರ ಕಿ.ಮೀ. ಕೂಡ ಮೊದಲಿಂದ ಇದ್ದದ್ದಲ್ಲ. 1912ರಲ್ಲಿ ಅಳೆದಾಗ 12 ಚದರ ಕಿ.ಮೀ. ಕೂಡ ಇರಲಿಲ್ಲ. ಉತ್ತರಕ್ಕೆ ಹಳೆಯ ಊರಿರುವ ಪರ್ಯಾಯ ದ್ವೀಪ, ದಕ್ಷಿಣಕ್ಕೆ ತಾಯ್ಪಾ ಮತ್ತು ಕೊಲೊವಾನ್ ಎಂಬ ಎರಡು ದ್ವೀಪಗಳು. ನೂರು ವರ್ಷಗಳಿಂದ ಅಂಚಂಚಿಗೆ ಮಣ್ಣು ತುಂಬುತ್ತಲೇ ಬಂದಿದ್ದಾರೆ. ಎರಡು ದ್ವೀಪಗಳ ನಡುವಿನ ಸಮುದ್ರವನ್ನೇ ಮುಚ್ಚಿದಾಗ ಹುಟ್ಟಿದ್ದು ಕೋಟಾಯ್. ಇವತ್ತಿನ ದೊಡ್ಡ ದೊಡ್ಡ ಕ್ಯಾಸಿನೊ ಹೋಟೆಲ್‌ಗಳೆಲ್ಲ ಇರುವುದು ಅಲ್ಲಿ. ವಿಮಾನ ನಿಲ್ದಾಣದ ರನ್‌ವೇ ಕೂಡ ನೀರಿನ ಮೇಲೆ ಚಾಚಿಕೊಂಡಿರುವ ಪಟ್ಟಿ.

ಇಷ್ಟು ಸುಲಭವಾಗಿ ಸಮುದ್ರ ಮುಚ್ಚಲು ಆದದ್ದು ಹೂಳಿನಿಂದ. ಪರ್ಲ್ ನದಿ ತರುವ ಹೂಳು ಪಶ್ಚಿಮ ದಡದಲ್ಲೇ ಹೆಚ್ಚು ಕೂರುತ್ತದೆ. ಅಲ್ಲಿ ಸಮುದ್ರಕ್ಕೆ ಆಳವೇ ಇಲ್ಲ. ಇದೇ ಹೂಳು 19ನೇ ಶತಮಾನದಲ್ಲಿ ಮಕಾವ್‌ನ ಬಂದರನ್ನು ಕೊಂದಿತು. 1841ರಲ್ಲಿ ಬ್ರಿಟಿಷರು ಹಾಂಗ್‌ಕಾಂಗ್ ಹಿಡಿದ ಮೇಲೆ ದೊಡ್ಡ ಹಡಗುಗಳೆಲ್ಲ ಅಲ್ಲಿನ ಆಳವಾದ ಬಂದರಿಗೆ ಹೋದವು. ವ್ಯಾಪಾರ ಕೈಬಿಟ್ಟ ಮಕಾವ್ ಆಮೇಲೆ ಜೂಜಿನ ಮೇಲೆ ತೆರಿಗೆ ಹಾಕಿ ಬದುಕುವುದನ್ನು ಕಲಿಯಿತು.

ಇನ್ನೊಂದು ಸಂಗತಿ ಕೇಳಿದರೆ ಆಶ್ಚರ್ಯವಾಗುತ್ತದೆ. 2015ರ ಡಿಸೆಂಬರ್‌ವರೆಗೆ ಈ ಕರಾವಳಿ ಊರಿಗೆ ಕಾನೂನಿನ ಪ್ರಕಾರ ತನ್ನದೇ ಸಮುದ್ರ ಇರಲಿಲ್ಲ! ಸುತ್ತಲಿನ ನೀರೆಲ್ಲ ಚೀನಾದ್ದು. ಹೊಸದಾಗಿ ಮಣ್ಣು ತುಂಬಬೇಕಾದರೆ ಬೀಜಿಂಗ್ ಒಪ್ಪಬೇಕಿತ್ತು. ಆ ವರ್ಷ ಚೀನಾದ ಕೇಂದ್ರ ಸರ್ಕಾರ 85 ಚದರ ಕಿ.ಮೀ. ನೀರನ್ನು ಮಕಾವ್‌ನ ಆಡಳಿತಕ್ಕೆ ಬಿಟ್ಟುಕೊಟ್ಟಿತು. ಕೊಟ್ಟದ್ದು ಉದಾರತೆಯೇ ಇರಬಹುದು. ಆದರೆ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಅನ್ನುವುದೂ ಅದರಲ್ಲೇ ಕಾಣುತ್ತದೆ ಅಲ್ವಾ?

ನೀರಿನ ಮಾತು ಬಂದಾಗ ಕುಡಿಯುವ ನೀರನ್ನೂ ಹೇಳಬೇಕು. ಮಕಾವ್‌ನಲ್ಲಿ ನದಿಯಿಲ್ಲ, ಹೇಳಿಕೊಳ್ಳುವಂಥ ಕೆರೆಯಿಲ್ಲ. ಕುಡಿಯುವ ನೀರು ಹೆಚ್ಚೂಕಡಿಮೆ ಎಲ್ಲವೂ ಝುಹಾಯ್ ಕಡೆಯಿಂದ ಪೈಪಿನಲ್ಲಿ ಬರುತ್ತದೆ. ಚಳಿಗಾಲದಲ್ಲಿ ನದಿ ಇಳಿದಾಗ ಸಮುದ್ರದ ಉಪ್ಪುನೀರು ಮೇಲಕ್ಕೇರುತ್ತದೆ. ಆಗ ಮೇಲಿನ ಜಲಾಶಯಗಳಿಂದ ನೀರು ಬಿಡಬೇಕು. ಬಿಡುವ ತೀರ್ಮಾನ ಗ್ವಾಂಗ್‌ಡಾಂಗ್‌ನವರದ್ದು. ಕರೆಂಟಿನ ಬಹುಪಾಲು ಕೂಡ ಅಲ್ಲಿಂದಲೇ. ತರಕಾರಿ, ಹಂದಿ ಮಾಂಸ, ಕೋಳಿ ಎಲ್ಲವೂ ಬೆಳಗಾಗುವ ಮೊದಲು ಅದೇ ಗಡಿ ದಾಟಿ ಬರಬೇಕು.

2017ರ ಆಗಸ್ಟ್ 23ರಂದು ಹ್ಯಾಟೊ ಚಂಡಮಾರುತ ಬಡಿದಾಗ ಇದೆಲ್ಲ ಒಂದೇ ದಿನದಲ್ಲಿ ಕಣ್ಣಿಗೆ ಬಿತ್ತು. ಹಳೆಯ ಬಂದರಿನ ಬೀದಿಗಳಲ್ಲಿ ಸಮುದ್ರ ನುಗ್ಗಿತು. ನೆಲಮಾಳಿಗೆಯ ಪಾರ್ಕಿಂಗ್‌ಗಳಲ್ಲಿ ಜನ ಸಿಕ್ಕಿಹಾಕಿಕೊಂಡರು. ಒಟ್ಟು 10 ಮಂದಿ ಸತ್ತರು. ಕರೆಂಟು ಹೋಯಿತು, ನಲ್ಲಿ ಒಣಗಿತು. ಕಸ, ಕೆಸರು ತೆಗೆಯಲು ಸ್ಥಳೀಯ ಸರ್ಕಾರ ಚೀನಾದ ಸೇನೆಯ ಮಕಾವ್ ತುಕಡಿಯನ್ನು ಕರೆಯಿತು. 1999ರ ನಂತರ ಸೈನಿಕರು ಹೀಗೆ ಬೀದಿಗಿಳಿದದ್ದು ಅದೇ ಮೊದಲು. ಜನ ಅವರಿಗೆ ನೀರಿನ ಬಾಟಲಿ ಕೊಟ್ಟು ಚಪ್ಪಾಳೆ ತಟ್ಟಿದರು. ಹಾಂಗ್‌ಕಾಂಗ್‌ನಲ್ಲಿ ಆ ದೃಶ್ಯವನ್ನು ಊಹಿಸುವುದೂ ಕಷ್ಟ.

ಗೇಟು ಮುಚ್ಚಿದರೆ ಊಟವಿಲ್ಲ

ಪೋರ್ಚುಗೀಸರು ಮಕಾವ್‌ನಲ್ಲಿ ನೆಲೆ ನಿಂತದ್ದು 1557ರ ಸುಮಾರಿಗೆ. 1510ರಲ್ಲಿ ಗೋವಾ, 1511ರಲ್ಲಿ ಮಲಕ್ಕಾ ಹಿಡಿದವರು ಅವರು. ಅಲ್ಲಿ ಫಿರಂಗಿ ಹಾರಿಸಿ ಊರು ಗೆದ್ದರು. ಮಕಾವ್‌ನಲ್ಲಿ ಹಾಗೆ ಗೆಲ್ಲಲಿಲ್ಲ. ಮಿಂಗ್ ಸಾಮ್ರಾಜ್ಯಕ್ಕೆ ವರ್ಷಕ್ಕೆ 500 ಟೇಲ್ (ಚೀನೀ ತೂಕದ ಅಳತೆ) ಬೆಳ್ಳಿ ನೆಲಬಾಡಿಗೆ ಕಟ್ಟಿಕೊಂಡು ಕೂತರು. ಪರ್ಯಾಯ ದ್ವೀಪವನ್ನು ಮುಖ್ಯ ನೆಲಕ್ಕೆ ಸೇರಿಸುವ ಕಿರಿದಾದ ಜಾಗದಲ್ಲಿ 1570ರ ದಶಕದಲ್ಲಿ ಚೀನೀ ಅಧಿಕಾರಿಗಳು ಗೋಡೆ ಕಟ್ಟಿ ಗೇಟು ಇಟ್ಟರು. ಗೇಟು ನಿಗದಿತ ದಿನಗಳಲ್ಲಿ ತೆರೆಯುತ್ತಿತ್ತು. ಆ ದಿನ ಅಕ್ಕಿ, ಮಾಂಸ, ತರಕಾರಿ ಕೊಂಡುಕೊಳ್ಳಬೇಕು. ಪೋರ್ಚುಗೀಸರು ಬಾಲ ಬಿಚ್ಚಿದರೆ ಗೇಟು ಬಂದ್. ಬೇಗ ದಾರಿಗೆ ಬರುತ್ತಿದ್ದರು.

ಆಗ ಮಕಾವ್‌ನ ಮೇಲಧಿಕಾರಿ ಇದ್ದದ್ದು ಲಿಸ್ಬನ್‌ನಲ್ಲಿ ಅಲ್ಲ, ನಮ್ಮ ಪಕ್ಕದ ಗೋವಾದಲ್ಲಿ. 1844ರವರೆಗೂ ಮಕಾವ್ ಪೋರ್ಚುಗೀಸ್ ಇಂಡಿಯಾದ ಭಾಗ. ಗವರ್ನರ್‌ಗೆ ಆದೇಶ ಹೋಗುತ್ತಿದ್ದದ್ದು ಮಾಂಡೋವಿ ದಡದಿಂದ. ಬೇರ್ಪಟ್ಟ ಮೇಲೂ ನಂಟು ಕಡಿಯಲಿಲ್ಲ. 1874ರಲ್ಲಿ ಗೋವಾದಿಂದ ಬಂದ ಭಾರತೀಯ ಪೊಲೀಸ್ ಪಡೆ ಉಳಿದುಕೊಳ್ಳಲೆಂದೇ ಕಮಾನುಗಳ ಸಾಲಿನ ಒಂದು ಬ್ಯಾರಕ್ ಕಟ್ಟಿದರು. ಮೂರಿಶ್ ಬ್ಯಾರಕ್ಸ್ ಎನ್ನುವ ಆ ಕಟ್ಟಡ ಈಗಲೂ ಇದೆ, ಯುನೆಸ್ಕೊ 2005ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೆಯ ಊರಿನಲ್ಲಿ ಅದೂ ಸೇರಿದೆ. ಗೋವಾಕ್ಕೆ ಹೋದಾಗ ಸಿಗಡಿ ಬಾಲ್ಚಾವ್ ತಿಂದವರು ಬಹಳ ಮಂದಿ ಇರುತ್ತೀರಿ. ಮಕಾವ್‌ನ ಮಿಶ್ರ ತಳಿಯ ಮನೆಗಳಲ್ಲೂ ಅದೇ ಹೆಸರಿನ ಸಿಗಡಿ ಗೊಜ್ಜು ಇದೆ.

19ನೇ ಶತಮಾನದ ನಡುವೆ ಚೀನಾ ಸೊರಗಿದಾಗ ಗವರ್ನರ್ ಫೆರೇರಾ ದೊ ಅಮರಾಲ್ ನೆಲಬಾಡಿಗೆ ನಿಲ್ಲಿಸಿ, ಚೀನೀ ಸುಂಕದವರನ್ನು ಓಡಿಸಿ, ಇದು ಪೂರಾ ನಮ್ಮ ವಸಾಹತು ಎಂದು ಮೆರೆದ. 1849ರ ಆಗಸ್ಟ್‌ನಲ್ಲಿ ಅದೇ ಗೇಟಿನ ಹತ್ತಿರ ಅವನನ್ನು ಕೊಂದರು. ಆಮೇಲೂ ಪೋರ್ಚುಗೀಸರ ಆಳ್ವಿಕೆ ನಡೆಯಿತು, ನಿಜ. ಆದರೆ ಅದು ನಡೆದದ್ದು ಚೀನಾ ಸುಮ್ಮನಿದ್ದಷ್ಟು ದಿನ ಮಾತ್ರ.

1966ರಲ್ಲಿ ಆ ದಿನಗಳು ಮುಗಿದವು. ತಾಯ್ಪಾದಲ್ಲಿ ಚೀನೀಯರು ಒಂದು ಶಾಲೆ ಕಟ್ಟಲು ಹೊರಟಿದ್ದರು. ಪರವಾನಗಿ ಇಲ್ಲ ಎಂದು ಪೋರ್ಚುಗೀಸ್ ಅಧಿಕಾರಿಗಳು ತಡೆದರು. ಲಾಠಿ ಬೀಸಿದರು. ಗಡಿಯಾಚೆ ಮಾವೋ ಅವರ ಸಾಂಸ್ಕೃತಿಕ ಕ್ರಾಂತಿ ಕುದಿಯುತ್ತಿದ್ದ ಕಾಲ ಅದು. ಡಿಸೆಂಬರ್ 3ರಂದು ಊರೇ ಹೊತ್ತಿಕೊಂಡಿತು. ಗೋಲಿಬಾರಿನಲ್ಲಿ 8 ಮಂದಿ ಸತ್ತರು. ಆಮೇಲೆ ಚೀನೀ ಸಂಘಗಳು ತೆರಿಗೆ ಕಟ್ಟುವುದಿಲ್ಲ, ಪೋರ್ಚುಗೀಸರಿಗೆ ಕೆಲಸ ಮಾಡುವುದಿಲ್ಲ, ಸಾಮಾನು ಮಾರುವುದಿಲ್ಲ ಎಂದು ಹಟ ಹಿಡಿದವು. 1967ರ ಜನವರಿ 29ರಂದು ಗವರ್ನರ್ ಚೀನೀ ವಾಣಿಜ್ಯ ಸಂಘದ ಕಚೇರಿಗೆ ತಾನೇ ಹೋಗಿ, ಮಾವೋ ಪಟದ ಕೆಳಗೆ ಕೂತು ತಪ್ಪೊಪ್ಪಿಗೆಗೆ ಸಹಿ ಹಾಕಿದ.

ಮಕಾವ್ ಹಾಂಗ್‌ಕಾಂಗ್‌ಗಿಂತ ಬೇರೆ ದಾರಿ ಹಿಡಿದದ್ದು 1999ರಲ್ಲಿ ಅಂತ ಬಹಳ ಮಂದಿ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಆ ದಾರಿ ಕವಲೊಡೆದದ್ದು ಈ ಸಹಿಯಲ್ಲಿ. 1967ರ ನಂತರ ಧ್ವಜ ಪೋರ್ಚುಗಲ್‌ನದ್ದು, ಮಾತು ಬೀಜಿಂಗ್‌ಗೆ ಹತ್ತಿರದ ವ್ಯಾಪಾರಿಗಳದ್ದು ಮತ್ತು ಸಂಘಗಳದ್ದು. ಅವರಲ್ಲಿ ಮುಖ್ಯರಾದವರು ಹೋ ಯಿನ್. 1999ರಲ್ಲಿ ಮಕಾವ್‌ನ ಮೊದಲ ಮುಖ್ಯ ಕಾರ್ಯನಿರ್ವಾಹಕರಾದ ಎಡ್ಮಂಡ್ ಹೋ ಅವರ ಮಗ. 1974ರಲ್ಲಿ ಪೋರ್ಚುಗಲ್‌ನಲ್ಲಿ ಸರ್ವಾಧಿಕಾರ ಬಿದ್ದಾಗ ಹೊಸ ಸರ್ಕಾರ ಮಕಾವ್ ಬಿಟ್ಟುಕೊಡಲು ತಯಾರಿತ್ತು. ಚೀನಾವೇ ಅವಸರ ಬೇಡ ಎಂದಿತು. ಹಾಂಗ್‌ಕಾಂಗ್ ಜನ ಗಾಬರಿಯಾಗಬಾರದು ಅನ್ನುವ ಲೆಕ್ಕ ಅದರ ಹಿಂದಿತ್ತು. 1987ರಲ್ಲಿ ಎರಡೂ ದೇಶಗಳು ಜಂಟಿ ಘೋಷಣೆಗೆ ಸಹಿ ಹಾಕಿದವು. 1999ರ ಡಿಸೆಂಬರ್ 20ಕ್ಕೆ ಧ್ವಜ ಬದಲಾಯಿತು.

ಅದಕ್ಕೆ ಹಿಂದಿನ ಎರಡು ಮೂರು ವರ್ಷ ಕ್ಯಾಸಿನೊ ಪಾಲಿಗಾಗಿ ರೌಡಿ ಗ್ಯಾಂಗುಗಳು ಬೀದಿಯಲ್ಲಿ ಗುಂಡು ಹಾರಿಸಿಕೊಳ್ಳುತ್ತಿದ್ದವು. ಪೋರ್ಚುಗೀಸ್ ಪೊಲೀಸರಿಗೆ ತಡೆಯಲಾಗಲಿಲ್ಲ. ಹಾಗಾಗಿ ಚೀನಾದ ಸೇನೆ ಬಂದಾಗ ಜನ ಸಮಾಧಾನದ ಉಸಿರು ಬಿಟ್ಟರು.

ಯಾರು ಆಳುತ್ತಾರೆ

ಮಕಾವ್‌ಗೆ ತನ್ನದೇ ಮೂಲ ಕಾನೂನು ಇದೆ, ಚಿಕ್ಕ ಸಂವಿಧಾನ ಇದ್ದಂತೆ. ಸ್ವಂತ ಹಣ ಪಟಾಕಾ, ಸ್ವಂತ ಪಾಸ್‌ಪೋರ್ಟ್, ಸ್ವಂತ ಸುಂಕ, ಸ್ವಂತ ಪೊಲೀಸ್. ಚೀನೀ ಭಾಷೆಯ ಜೊತೆಗೆ ಪೋರ್ಚುಗೀಸ್ ಇನ್ನೂ ಅಧಿಕೃತ ಭಾಷೆ. ಕೋರ್ಟು ನಡೆಯುವುದು ಪೋರ್ಚುಗೀಸ್ ಮಾದರಿಯ ಕಾನೂನಿನಲ್ಲಿ. ಗಲ್ಲು ಶಿಕ್ಷೆ ಇಲ್ಲ, ಜೀವಾವಧಿಯೂ ಇಲ್ಲ. ಗಡಿಯಾಚೆ ನಾಲ್ಕು ಹೆಜ್ಜೆ ಇಟ್ಟರೆ ಎರಡೂ ಇವೆ. ವಾಹನಗಳು ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ. ಇವೆಲ್ಲ ಸುಳ್ಳಲ್ಲ, ತೋರಿಕೆಗೆ ಮಾತ್ರ ಇರುವಂಥವೂ ಅಲ್ಲ.

ಆದರೆ ಹಾಂಗ್‌ಕಾಂಗ್‌ನ ಮೂಲ ಕಾನೂನಿನಲ್ಲಿ ಇರುವ ಒಂದು ಮಾತು ಮಕಾವ್‌ನದ್ದರಲ್ಲಿ ಇಲ್ಲ. ಮುಖ್ಯ ಕಾರ್ಯನಿರ್ವಾಹಕರನ್ನು ಕೊನೆಗೆ ಎಲ್ಲ ಮತದಾರರೂ ಸೇರಿ ಆರಿಸುವುದೇ ಗುರಿ ಎಂದು ಹಾಂಗ್‌ಕಾಂಗ್‌ನದ್ದು ಹೇಳುತ್ತದೆ. ಅದು ಈಡೇರಲಿಲ್ಲ. ಆದರೂ 2014ರಲ್ಲಿ ಆ ಹಕ್ಕು ಕೇಳಿ ಕೊಡೆ ಹಿಡಿದು ಹಾಂಗ್‌ಕಾಂಗ್ ರಸ್ತೆಯಲ್ಲಿ ಕೂತ ಹುಡುಗರು ಬೆರಳಿಟ್ಟು ತೋರಿಸಲು ಒಂದು ಸಾಲಾದರೂ ಇತ್ತು. ಮಕಾವ್‌ನವರಿಗೆ ಆ ಸಾಲೂ ಇಲ್ಲ. 400 ಮಂದಿಯ ಸಮಿತಿ ಆರಿಸುತ್ತದೆ, ಬೀಜಿಂಗ್ ನೇಮಿಸುತ್ತದೆ. ಶಾಸನ ಸಭೆಯಲ್ಲಿ 33 ಸ್ಥಾನ. ಜನ ನೇರವಾಗಿ ಆರಿಸುವುದು 14 ಮಾತ್ರ. 12 ಸ್ಥಾನ ಸಂಘ ಸಂಸ್ಥೆಗಳ ಮೂಲಕ, ಉಳಿದ 7 ಮಂದಿಯನ್ನು ಮುಖ್ಯ ಕಾರ್ಯನಿರ್ವಾಹಕರೇ ನೇಮಿಸುತ್ತಾರೆ. 14ಕ್ಕೆ 14 ವಿರೋಧಿಗಳೇ ಗೆದ್ದರೂ ಒಂದು ಮಸೂದೆ ತಡೆಯಲಾಗದು.

ಸಂಘಗಳ ವಿಷಯ ಸ್ವಲ್ಪ ಹೇಳಬೇಕು. ಮಕಾವ್‌ನಲ್ಲಿ ನಮ್ಮಲ್ಲಿರುವಂಥ ರಾಜಕೀಯ ಪಕ್ಷಗಳಿಲ್ಲ. ಬೀದಿ ನಿವಾಸಿಗಳ ಸಂಘ, ಕಾರ್ಮಿಕ ಸಂಘ, ಮಹಿಳಾ ಸಂಘ, ಫುಜಿಯಾನ್‌ನಿಂದ ಬಂದವರ ಸಂಘ, ಜಿಯಾಂಗ್‌ಮೆನ್‌ನಿಂದ ಬಂದವರ ಸಂಘ, ಹೀಗೆ ಸಾವಿರಾರು. ಮಕ್ಕಳ ಟ್ಯೂಷನ್, ಅಜ್ಜ ಅಜ್ಜಿಯರ ಊಟ, ಹಬ್ಬದ ಪ್ರವಾಸ, ಚಿಕ್ಕ ದವಾಖಾನೆ ಎಲ್ಲ ಅವರದ್ದೇ. ಸರ್ಕಾರ ಅವರಿಗೆ ಅನುದಾನ ಕೊಡುತ್ತದೆ. ಚುನಾವಣೆ ಬಂದಾಗ ಮತ ತರುವುದೂ ಅವರೇ. ನಿಮ್ಮ ತಾಯಿಗೆ ದಿನಾ ಮಧ್ಯಾಹ್ನ ಊಟ ಕೊಡುವ ಸಂಘದವರು ಬಂದು ಪಟ್ಟಿಯ ಈ ಸಂಖ್ಯೆಗೆ ಹಾಕಿ ಎಂದರೆ ಇಲ್ಲ ಅನ್ನುವುದು ಕಷ್ಟ.

ಇಷ್ಟಾದರೂ ಮಕಾವ್ ಯಾವತ್ತೂ ಬಾಯಿ ಬಿಡಲಿಲ್ಲ ಅಂತಲ್ಲ. 2014ರ ಮೇ 25ರಂದು ಸುಮಾರು 20,000 ಜನ ಬೀದಿಗೆ ಬಂದರು. ನಿವೃತ್ತರಾಗುವ ಮುಖ್ಯ ಕಾರ್ಯನಿರ್ವಾಹಕರಿಗೆ ಬೇರೆ ಕೆಲಸ ಸಿಗುವವರೆಗೆ ಸಂಬಳದ ಶೇ 70ರಷ್ಟನ್ನು ತಿಂಗಳು ತಿಂಗಳು ಕೊಡಬೇಕು, ಅಧಿಕಾರದಲ್ಲಿರುವಾಗ ಅವರ ಮೇಲೆ ಕ್ರಿಮಿನಲ್ ಕೇಸು ಹಾಕುವಂತಿಲ್ಲ ಎನ್ನುವ ಮಸೂದೆಯನ್ನು ಸರ್ಕಾರ ತಂದಿತ್ತು. ಬಿಳಿ ಅಂಗಿ ಹಾಕಿದ ಹುಡುಗ ಹುಡುಗಿಯರು ಶಾಸನ ಸಭೆಯ ಹೊರಗೆ ಕೂತರು. ನಾಲ್ಕೇ ದಿನದಲ್ಲಿ ಮುಖ್ಯ ಕಾರ್ಯನಿರ್ವಾಹಕ ಫರ್ನಾಂಡೊ ಚುಯಿ ಮಸೂದೆ ವಾಪಸ್ ಪಡೆದರು. ಆ ಚಳವಳಿಯಿಂದ ಬಂದ ಸುಲು ಸೌ 2017ರಲ್ಲಿ 26ನೇ ವಯಸ್ಸಿಗೆ ಶಾಸನ ಸಭೆಗೆ ಗೆದ್ದರು. ಅಷ್ಟು ಚಿಕ್ಕ ವಯಸ್ಸಿನವರು ಅಲ್ಲಿ ಹಿಂದೆ ಗೆದ್ದಿರಲಿಲ್ಲ.

ಅಂಥದ್ದು ಇನ್ನೊಮ್ಮೆ ಆಗದಂತೆ ಈಗ ಕಾನೂನೇ ನೋಡಿಕೊಂಡಿದೆ. 2021ರಲ್ಲಿ ಸುಲು ಸೌ ಸೇರಿದಂತೆ 21 ಅಭ್ಯರ್ಥಿಗಳನ್ನು ಮೂಲ ಕಾನೂನಿಗೆ ನಿಷ್ಠರಲ್ಲ ಎಂದು ಕಣದಿಂದ ತೆಗೆದುಹಾಕಿದರು. ಅವರು ಕೋರ್ಟಿಗೆ ಹೋದರು, ಸೋತರು. ಮೇಲ್ಮನವಿ ತಿರಸ್ಕರಿಸಿದ ಅಂತಿಮ ನ್ಯಾಯಾಲಯಕ್ಕೆ ಆಗ ಅಧ್ಯಕ್ಷರಾಗಿದ್ದವರು ಇದೇ ಸ್ಯಾಮ್ ಹೌ ಫಾಯ್. ಆ ಚುನಾವಣೆಯಲ್ಲಿ ಮತದಾನ ಶೇ 42ರ ಆಸುಪಾಸಿಗೆ ಕುಸಿಯಿತು. ಚುನಾವಣಾ ಕಾನೂನಿಗೆ 2024ರಲ್ಲಿ ಆದ ತಿದ್ದುಪಡಿಯ ನಂತರ ಅಭ್ಯರ್ಥಿಗಳ ನಿಷ್ಠೆಯನ್ನು ರಾಷ್ಟ್ರೀಯ ಭದ್ರತಾ ಸಮಿತಿ ತೂಗುತ್ತದೆ. ಅದು ಬೇಡ ಎಂದರೆ ಕೋರ್ಟಿಗೆ ಹೋಗುವ ದಾರಿಯೂ ಇಲ್ಲ. 2025ರ ಸೆಪ್ಟೆಂಬರ್ 14ರ ಚುನಾವಣೆಗೆ ಮೊದಲು 12 ಮಂದಿ ಹಾಗೆ ಹೊರಬಿದ್ದರು. 2021ರಲ್ಲಿ ಅಭ್ಯರ್ಥಿಗಳ 14 ಪಟ್ಟಿಗಳು ಸ್ಪರ್ಧಿಸಿದ್ದವು, ಈ ಸಲ ಉಳಿದದ್ದು 6. ಮತದಾನ ಶೇ 53ಕ್ಕೆ ಏರಿತು. ಬಸ್ಸು ಬಿಟ್ಟು, ಮೈಕು ಹಿಡಿದು, ಎಲ್ಲರೂ ಬನ್ನಿ ಎಂದು ಸರ್ಕಾರ ಅಷ್ಟು ಕೇಳಿಕೊಂಡ ಮೇಲೆ ಅದೇನು ದೊಡ್ಡದಲ್ಲ. ಅದೇ ವರ್ಷ ಜುಲೈ ಕೊನೆಗೆ ಎರಡು ದಶಕ ಶಾಸಕರಾಗಿದ್ದ ಆವ್ ಕಾಮ್ ಸಾನ್ ಅವರನ್ನು ರಾಷ್ಟ್ರೀಯ ಭದ್ರತಾ ಕಾನೂನಿನಡಿ ಬಂಧಿಸಿದರು. ಆ ಕಾನೂನಿನಡಿ ಮಕಾವ್‌ನಲ್ಲಿ ಬಂಧನವಾದದ್ದು ಅದೇ ಮೊದಲು.

ಆ ಕಾನೂನು ಬಂದದ್ದು 2009ರಲ್ಲಿ. 2003ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಂಥದ್ದೇ ಕಾನೂನು ತರಲು ಹೋದಾಗ ಐದು ಲಕ್ಷ ಜನ ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ಮಕಾವ್‌ನಲ್ಲಿ ಹೆಚ್ಚು ಸದ್ದಿಲ್ಲದೆ ಪಾಸಾಯಿತು.

ಹಣದ ಬಾಗಿಲೂ ಅದೇ

ಚೀನಾದ ನೆಲದಲ್ಲಿ ಕ್ಯಾಸಿನೊ ಕಾನೂನುಬದ್ಧವಾಗಿರುವುದು ಮಕಾವ್‌ನಲ್ಲಿ ಮಾತ್ರ. 1962ರಿಂದ 40 ವರ್ಷ ಸ್ಟ್ಯಾನ್ಲಿ ಹೋ ಅವರ ಕಂಪನಿಯದ್ದೇ ಏಕಸ್ವಾಮ್ಯ. 2002ರಲ್ಲಿ ಸರ್ಕಾರ ಬೇರೆಯವರಿಗೂ ಬಾಗಿಲು ತೆರೆಯಿತು. ಲಾಸ್ ವೇಗಸ್‌ನ ಕಂಪನಿಗಳು ಬಂದವು. 2004ರಲ್ಲಿ ಸ್ಯಾಂಡ್ಸ್ ಶುರುವಾಯಿತು. 2006ರ ಹೊತ್ತಿಗೆ ಜೂಜಿನ ವಹಿವಾಟಿನಲ್ಲಿ ಮಕಾವ್ ವೇಗಸ್ ಅನ್ನು ಹಿಂದೆ ಹಾಕಿತು. ಹುಬ್ಬಳ್ಳಿ, ಬೆಳಗಾವಿಯಿಂದ ವಾರಾಂತ್ಯಕ್ಕೆ ಪಣಜಿಯ ಕ್ಯಾಸಿನೊ ಹಡಗು ಹತ್ತುವವರಿಗೆ ಈ ಗಾತ್ರ ಊಹೆಗೂ ಸಿಗದು. 2013ರಲ್ಲಿ ಮಕಾವ್ ಕ್ಯಾಸಿನೊಗಳ ಆದಾಯ 36,000 ಕೋಟಿ ಪಟಾಕಾ. ಒಂದು ಪಟಾಕಾ ಅಂದರೆ ಹತ್ತು ರೂಪಾಯಿಗಿಂತ ಸ್ವಲ್ಪ ಜಾಸ್ತಿ.

ಆ ವರ್ಷಗಳ ಆಟದ ಒಳಗುಟ್ಟು ಹೀಗಿತ್ತು. ಚೀನಾದವರು ವರ್ಷಕ್ಕೆ 50,000 ಡಾಲರಿಗಿಂತ ಹೆಚ್ಚು ವಿದೇಶಿ ಹಣ ಕೊಳ್ಳುವಂತಿಲ್ಲ. ಕೋಟಿಗಟ್ಟಲೆ ಪಣ ಕಟ್ಟುವ ಉದ್ಯಮಿ ಏನು ಮಾಡಬೇಕು? ಜಂಕೆಟ್ ಎಂಬ ದಲ್ಲಾಳಿಗಳು ಅವನಿಗೆ ಮಕಾವ್‌ನಲ್ಲಿ ಸಾಲ ಕೊಡುತ್ತಿದ್ದರು. ವಾಪಸ್ ವಸೂಲಿ ಅವನ ಊರಿನಲ್ಲಿ, ಅವರದ್ದೇ ದಾರಿಯಲ್ಲಿ, ಯಾಕೆಂದರೆ ಜೂಜಿನ ಸಾಲವನ್ನು ಚೀನಾದ ಕೋರ್ಟು ಒಪ್ಪುವುದಿಲ್ಲ. ಚಿಕ್ಕ ಗಿರಾಕಿಗಳಿಗೆ ಕ್ಯಾಸಿನೊ ಪಕ್ಕದ ಗಿರವಿ ಅಂಗಡಿ ಇತ್ತು. ಕಾರ್ಡ್ ಉಜ್ಜಿ ಬಂಗಾರದ ವಾಚ್ ಕೊಳ್ಳುವುದು, ಅದೇ ಕೌಂಟರಿನಲ್ಲಿ ಸ್ವಲ್ಪ ಕಡಿಮೆಗೆ ಮಾರಿ ನಗದು ಎಣಿಸಿಕೊಳ್ಳುವುದು. ವಾಚು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತೋ ಇಲ್ಲವೋ.

ಈ ಗಿರಾಕಿಗಳು ಬರುವುದು ಯಾರ ಅನುಮತಿಯಿಂದ? 2003ಕ್ಕೆ ಮೊದಲು ಚೀನಾದ ಸಾಮಾನ್ಯ ಜನ ಪ್ರವಾಸಿ ಗುಂಪಿನಲ್ಲಿ ಮಾತ್ರ ಬರಬಹುದಿತ್ತು. ಆ ವರ್ಷ ಬೀಜಿಂಗ್ ಕೆಲವು ಊರಿನವರಿಗೆ ಒಬ್ಬೊಬ್ಬರೇ ಹೋಗಲು ಪರವಾನಗಿ ಕೊಟ್ಟಿತು. ಮಕಾವ್‌ನ ಭಾಗ್ಯ ತೆರೆದದ್ದು ಅಲ್ಲಿಂದ. 2019ರಲ್ಲಿ ಬಂದವರು 3.94 ಕೋಟಿ ಜನ, ಬಹುಪಾಲು ಮುಖ್ಯ ನೆಲದವರು. 2014ರಲ್ಲಿ ಷಿ ಜಿನ್‌ಪಿಂಗ್ ಭ್ರಷ್ಟಾಚಾರದ ವಿರುದ್ಧ ಬಿಗಿ ಮಾಡಿದಾಗ ದೊಡ್ಡ ಕುಳಗಳು ಹೆದರಿ ದೂರ ಸರಿದರು. 2013ರ 36,000 ಕೋಟಿ 2016ಕ್ಕೆ 22,300 ಕೋಟಿಗೆ ಇಳಿಯಿತು. ಕೋವಿಡ್‌ನಲ್ಲಿ ಗಡಿ ಮುಚ್ಚಿದಾಗ, 2022ರಲ್ಲಿ, ಬಂದದ್ದು ಬರೀ 4,220 ಕೋಟಿ. 2021ರ ನವೆಂಬರ್‌ನಲ್ಲಿ ಜಂಕೆಟ್ ದೊರೆ ಆಲ್ವಿನ್ ಚೌ ಬಂಧನವಾಯಿತು. 2023ರಲ್ಲಿ 18 ವರ್ಷ ಜೈಲು. ಅಲ್ಲಿಗೆ ದಲ್ಲಾಳಿ ವ್ಯವಸ್ಥೆ ನೆಲಕಚ್ಚಿತು. 2024ಕ್ಕೆ ಆದಾಯ ಮತ್ತೆ 22,678 ಕೋಟಿಗೆ ಏರಿದೆ, ಈಗ ಅದನ್ನು ತರುವವರು ಸಂಸಾರ ಸಮೇತ ಬರುವ ಮಧ್ಯಮ ವರ್ಗದವರು.

ಕ್ಯಾಸಿನೊ ಗಳಿಕೆಯ ಶೇ 40ರಷ್ಟು ಸರ್ಕಾರಕ್ಕೆ ಹೋಗುತ್ತದೆ. ಬೊಕ್ಕಸದ ಮುಖ್ಯ ಕಂಬವೇ ಅದು. 2008ರಿಂದ ನಿವಾಸಿಗಳಿಗೆ ಸರ್ಕಾರ ವರ್ಷಕ್ಕೊಮ್ಮೆ ನಗದು ಹಂಚುತ್ತಿದೆ. ಕಾಯಂ ನಿವಾಸಿಗಳಿಗೆ ಹಲವು ವರ್ಷಗಳಿಂದ ತಲಾ 10,000 ಪಟಾಕಾ. ಶಾಲೆಗೆ ಫೀಸಿಲ್ಲ. ಕ್ಯಾಸಿನೊ ಮೇಜಿನಲ್ಲಿ ಇಸ್ಪೀಟು ಹಂಚುವ ಕೆಲಸ ಸ್ಥಳೀಯರಿಗೇ ಮೀಸಲು. ಪದವಿ ಇಲ್ಲದ ಹುಡುಗನೂ ತಿಂಗಳಿಗೆ ಸುಮಾರು 20,000 ಪಟಾಕಾ ದುಡಿಯುತ್ತಾನೆ. ತಮಾಷೆಯೆಂದರೆ ಅಲ್ಲಿನ ಸರ್ಕಾರಿ ನೌಕರರು ವರ್ಷದಲ್ಲಿ ಮೂರು ದಿನ, ಚೀನೀ ಹೊಸ ವರ್ಷಕ್ಕೆ, ಮಾತ್ರ ಕ್ಯಾಸಿನೊ ಒಳಗೆ ಆಡಬಹುದು. ಊರಿಗೆ ಊಟ ಹಾಕುವ ಜೂಜನ್ನು ಊರಿನ ಸರ್ಕಾರಿ ನೌಕರರು ಆಡಬಾರದು!

ಹಾಗಂತ ಎಲ್ಲರಿಗೂ ಸುಖವಿಲ್ಲ. 1.8 ಲಕ್ಷದಷ್ಟು ಹೊರಗಿನ ಕೆಲಸಗಾರರಿದ್ದಾರೆ. ಕಟ್ಟಡ ಕೆಲಸ, ಹೋಟೆಲ್ ಶುಚಿ, ಸೆಕ್ಯುರಿಟಿ, ಮನೆಗೆಲಸ. ಮುಖ್ಯ ನೆಲ, ಫಿಲಿಪ್ಪೀನ್ಸ್, ವಿಯೆಟ್ನಾಂನವರು, ಸೆಕ್ಯುರಿಟಿ ಕೆಲಸದಲ್ಲಿ ನೇಪಾಳಿಗಳು. ಕೆಲಸ ಹೋದರೆ ಊರು ಬಿಡಬೇಕು, ಎಷ್ಟು ವರ್ಷ ದುಡಿದರೂ ಕಾಯಂ ನಿವಾಸಿ ಆಗುವಂತಿಲ್ಲ. ಮಕಾವ್‌ನಲ್ಲಿ ಬಾಡಿಗೆ ದುಬಾರಿ, ಹಾಗಾಗಿ ಬಹಳ ಮಂದಿ ಝುಹಾಯ್‌ನಲ್ಲಿ ಮಲಗಿ ಬೆಳಿಗ್ಗೆ ಗೇಟಿನಲ್ಲಿ ಸಾಲು ನಿಲ್ಲುತ್ತಾರೆ. ಗೇಟಿನ ಆಚೆಯ ಗೊಂಗ್‌ಬೆ ತಪಾಸಣಾ ಕೇಂದ್ರವನ್ನು ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ದಾಟುತ್ತಾರೆ. ಇತ್ತ ಊರಿನ ಒಟ್ಟು ಜನರಲ್ಲೂ ಮಕಾವ್‌ನಲ್ಲೇ ಹುಟ್ಟಿದವರು ಅರ್ಧಕ್ಕಿಂತ ಕಡಿಮೆ, ಮುಖ್ಯ ನೆಲದಲ್ಲಿ ಹುಟ್ಟಿದವರು ಬಹಳ ಮಂದಿ. ಸ್ಯಾಮ್ ಹೌ ಫಾಯ್ ಕೂಡ ಪಕ್ಕದ ಝೊಂಗ್‌ಶಾನ್‌ನವರು. ಆ ಹುದ್ದೆಗೇರಿದವರಲ್ಲಿ ಮುಖ್ಯ ನೆಲದಲ್ಲಿ ಹುಟ್ಟಿದ ಮೊದಲಿಗರು. ಇಂಥ ಊರಿನಲ್ಲಿ ನಾವು ಬೇರೆ, ಅವರು ಬೇರೆ ಎನ್ನುವ ಹಾಂಗ್‌ಕಾಂಗ್ ಮಾದರಿಯ ಭಾವನೆ ಬೇರೂರುವುದು ಹೇಗೆ? ಮಕ್ಕಳು ಹುಟ್ಟುವುದೂ ಕಡಿಮೆಯಾಗಿದೆ. 2024ರಲ್ಲಿ ಹುಟ್ಟಿದ್ದು 3,600ರ ಆಸುಪಾಸು. ಜಗತ್ತಿನ ಅತಿ ಕಡಿಮೆ ಜನನ ದರಗಳಲ್ಲಿ ಒಂದು ಅದು.

ಮುಂದಿನ ನೆಲ ಹೆಂಗ್‌ಕಿನ್

ಜೂಜನ್ನೇ ನಂಬಿ ಕೂರಬೇಡಿ ಅಂತ ಬೀಜಿಂಗ್ ವರ್ಷಗಳಿಂದ ಹೇಳುತ್ತಿದೆ. 2023ರಿಂದ ಹೊಸ ಹತ್ತು ವರ್ಷದ ಪರವಾನಗಿ ಪಡೆದ ಆರು ಕ್ಯಾಸಿನೊ ಕಂಪನಿಗಳು ಹೂಡುವ ದುಡ್ಡಿನ ಬಹುಪಾಲನ್ನು ಸಂಗೀತ ಕಛೇರಿ, ವಸ್ತುಪ್ರದರ್ಶನ, ಕ್ರೀಡೆಯಂಥ ಜೂಜಲ್ಲದ ಬಾಬತ್ತಿಗೆ ಹಾಕಬೇಕು. ಬೇರೆಯವರ ಹೋಟೆಲಿನಲ್ಲಿ ಈ ಕಂಪನಿಗಳ ಪರವಾನಗಿ ಬಳಸಿ ನಡೆಯುತ್ತಿದ್ದ 11 ಸ್ಯಾಟಲೈಟ್ ಕ್ಯಾಸಿನೊಗಳಿಗೆ 2025ರ ಡಿಸೆಂಬರ್ ಕೊನೆಯ ಗಡುವು ಕೊಟ್ಟರು. ನೌಕರರಿಗೆ ಬೇರೆ ಕ್ಯಾಸಿನೊಗಳಲ್ಲಿ ಕೆಲಸ ಕೊಡುವ ಮಾತಾಗಿತ್ತು. ಪೆಟ್ಟು ಬೀಳುವುದು ಆ ಬೀದಿಗಳ ಗಿರವಿ ಅಂಗಡಿ, ನೂಡಲ್ಸ್ ಅಂಗಡಿ, ಔಷಧಿ ಅಂಗಡಿಗಳಿಗೆ. ಅವರಿಗೆ ಶಾಸನ ಸಭೆಯಲ್ಲಿ ಮೀಸಲು ಸ್ಥಾನವಿಲ್ಲ.

ಮತ್ತೆ ಸಮಸ್ಯೆ ನೆಲದ್ದೇ. ಹೊಸ ಉದ್ಯಮ ಕಟ್ಟಲು ಜಾಗ ಎಲ್ಲಿದೆ? ಪಶ್ಚಿಮಕ್ಕೆ ಕಾಲುವೆಯಷ್ಟು ಅಗಲದ ನೀರಿನಾಚೆ ಹೆಂಗ್‌ಕಿನ್ ದ್ವೀಪ ಇದೆ. 106 ಚದರ ಕಿ.ಮೀ., ಮಕಾವ್‌ನ ಮೂರು ಪಟ್ಟು. ಝುಹಾಯ್‌ಗೆ ಸೇರಿದ್ದು. 2021ರಲ್ಲಿ ಅದನ್ನು ಗ್ವಾಂಗ್‌ಡಾಂಗ್ ಮತ್ತು ಮಕಾವ್ ಜಂಟಿಯಾಗಿ ಬೆಳೆಸುವ ವಲಯ ಮಾಡಿದರು. ಮೇಲಿನ ಸಮಿತಿಗೆ ಇಬ್ಬರು ಮುಖ್ಯಸ್ಥರು, ಒಬ್ಬರು ಗ್ವಾಂಗ್‌ಡಾಂಗ್ ಗವರ್ನರ್, ಇನ್ನೊಬ್ಬರು ಮಕಾವ್ ಮುಖ್ಯ ಕಾರ್ಯನಿರ್ವಾಹಕರು. ಮಕಾವ್‌ನವರಿಗೆಂದೇ ಅಲ್ಲಿ ಸುಮಾರು 4,000 ಫ್ಲ್ಯಾಟುಗಳ ಬಡಾವಣೆ ಎದ್ದಿದೆ. 2024ರ ಡಿಸೆಂಬರ್‌ನಲ್ಲಿ ಲೈಟ್ ರೈಲೂ ಅಲ್ಲಿಗೆ ತಲುಪಿತು. ಮಕಾವ್‌ನಲ್ಲಿ ಒಂದು ಕೋಣೆಗೆ ಕೊಡುವ ದುಡ್ಡಿಗೆ ಅಲ್ಲಿ ದೊಡ್ಡ ಮನೆ ಸಿಗುತ್ತದೆ, ಮಕ್ಕಳಿಗೆ ಆಡಲು ಜಾಗ ಸಿಗುತ್ತದೆ. ಯಾರಾದರೂ ಹೋಗದೆ ಇರುತ್ತಾರಾ? ಆದರೆ ಮನೆಯ ಬಾಗಿಲಿನ ಹೊರಗೆ ಕಾನೂನು ಚೀನಾದ್ದು. ಆಗ ಮಕಾವ್ ನಿವಾಸಿ ಅನ್ನುವ ಗುರುತಿಗೆ ಎಷ್ಟು ಬೆಲೆ ಉಳಿಯುತ್ತದೆ ಅನ್ನುವುದನ್ನು ಶಾಸನ ಸಭೆಯಲ್ಲಿ ಕೇಳುತ್ತಿದ್ದವರು ಈಗ ಅಲ್ಲಿ ಇಲ್ಲ.

ಹೆಂಗ್‌ಕಿನ್‌ನಲ್ಲೇ ಇದಕ್ಕೆ ಉಲ್ಟಾ ಇರುವ ಒಂದು ತುಂಡು ನೆಲವೂ ಇದೆ. ಮಕಾವ್ ವಿಶ್ವವಿದ್ಯಾಲಯದ ಕ್ಯಾಂಪಸ್, ಸುಮಾರು ಒಂದು ಚದರ ಕಿ.ಮೀ. ಸುತ್ತ ಬೇಲಿ. ನೀರಿನಡಿಯ ಸುರಂಗದಲ್ಲಿ ತಪಾಸಣೆಯಿಲ್ಲದೆ ಮಕಾವ್‌ನಿಂದ ನೇರ ಹೋಗಬಹುದು. ಒಳಗೆ ನಡೆಯುವುದು ಮಕಾವ್ ಕಾನೂನು. ಬೇಲಿಯಾಚೆ ತೆರೆಯದ ವೆಬ್‌ಸೈಟುಗಳು ಒಳಗೆ ತೆರೆಯುತ್ತವೆ. ಚೀನಾದ ಸಂಸತ್ತಿನ ಸ್ಥಾಯಿ ಸಮಿತಿ 2009ರಲ್ಲಿ ಆ ಜಾಗವನ್ನು ಮಕಾವ್‌ಗೆ ಗುತ್ತಿಗೆ ಕೊಟ್ಟಿತು. ಗುತ್ತಿಗೆ ಮುಗಿಯುವುದು 2049ರ ಡಿಸೆಂಬರ್ 19ಕ್ಕೆ. ಮಕಾವ್‌ಗೆ ಕೊಟ್ಟ 50 ವರ್ಷದ ಭರವಸೆಯೂ ಅದೇ ದಿನಕ್ಕೆ ತುಂಬುತ್ತದೆ. ಗುತ್ತಿಗೆ ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಅದೇ ಸ್ಥಾಯಿ ಸಮಿತಿ. ಈ ವರ್ಷ ಮಕಾವ್‌ನಲ್ಲಿ ಹುಟ್ಟಿದ ಮಗು ಆ ಹೊತ್ತಿಗೆ ಅಲ್ಲಿ ಪದವಿ ಮುಗಿಸಿರುತ್ತದೆ.